ಚಿಕ್ಕ ವೇದಿಕೆಯ ಋಣ

೧೯೬೪ರ ಫೆಬ್ರವರಿ ೯ರಂದು ಇಂಗ್ಲೆಂಡಿನ ನಾಲ್ವರು ತರುಣರು ಅಮೆರಿಕದ ಟೆಲಿವಿಷನ್ನಿನಲ್ಲಿ ಹಾಡಿದರು. ಎಡ್ ಸಲಿವನ್ ನಡೆಸಿಕೊಡುತ್ತಿದ್ದ ಆ ಕಾರ್ಯಕ್ರಮವನ್ನು ಅಂದು ಸುಮಾರು ೭ ಕೋಟಿ ೩೦ ಲಕ್ಷ ಜನ ನೋಡಿದರೆಂದು ಅಂದಾಜು. ಆ ತರುಣರ ವೃಂದದ ಹೆಸರು ‘ಬೀಟಲ್ಸ್’. ಅದೇ ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಐದು ಸ್ಥಾನಗಳೂ ಅವರವೇ ಆಗಿದ್ದವು. ಒಂದೇ ರಾತ್ರಿಯಲ್ಲಿ ಜಗತ್ತನ್ನು ಗೆದ್ದ ಹುಡುಗರು ಎಂಬ ಮಾತು ಹೀಗೆ ಹುಟ್ಟಿಕೊಂಡಿತು. ಕೇಳಲು ಸೊಗಸಾದ ಮಾತು ಇದು, ಆದರೆ ನಿಜವಲ್ಲ. ನಿಜವಲ್ಲದಿರುವುದು ಮಾತ್ರವಲ್ಲ, ಕಲೆಯ ಹಾದಿಯಲ್ಲಿ ಮೊದಲ ಹೆಜ್ಜೆಯಿಡುವ ಎಳೆಯರ ಪಾಲಿಗೆ ಕೇಡಿನ ಮಾತೂ ಹೌದು. ಗೆಲುವು ಒಂದು ರಾತ್ರಿಯಲ್ಲಿ ಬರುವಂಥದು ಎಂದು ನಂಬಿದವನು ಎರಡನೆಯ ರಾತ್ರಿಯೇ ಕೈಚೆಲ್ಲಿ ಕುಳಿತುಕೊಳ್ಳುತ್ತಾನೆ.

ಆ ರಾತ್ರಿಯ ಹಿಂದೆ ಏಳು ವರ್ಷಗಳ ಕಥೆಯಿದೆ. ಅದು ಆರಂಭವಾದುದು ಲಿವರ್‌ಪೂಲ್ ಎಂಬ ಬಂದರು ಪಟ್ಟಣದಲ್ಲಿ. ೧೯೫೬ರ ಸುಮಾರಿಗೆ ಇಂಗ್ಲೆಂಡಿನ ಹುಡುಗರನ್ನು ‘ಸ್ಕಿಫಲ್’ ಎಂಬ ಹಾಡುಗಾರಿಕೆಯ ಗೀಳು ಹಿಡಿದಿತ್ತು. ಅದಕ್ಕೆ ಬೆಲೆಬಾಳುವ ವಾದ್ಯಗಳು ಬೇಕಿರಲಿಲ್ಲ. ಒಂದು ಅಗ್ಗದ ಗಿಟಾರು, ಬಟ್ಟೆ ಉಜ್ಜುವ ಹಲಗೆ, ಚಹದ ಖಾಲಿ ಪೆಟ್ಟಿಗೆಗೆ ಕೋಲನ್ನೂ ದಾರವನ್ನೂ ಬಿಗಿದು ಮಾಡಿದ ತಂತಿವಾದ್ಯ, ಇಷ್ಟಿದ್ದರೆ ಸಾಕಾಗಿತ್ತು. ಜಾನ್ ಲೆನನ್ ಎಂಬ ಹುಡುಗ ತನ್ನ ಸಹಪಾಠಿಗಳನ್ನು ಕೂಡಿಸಿ ಅಂಥದೊಂದು ತಂಡವನ್ನು ಕಟ್ಟಿದ. ೧೯೫೭ರ ಜುಲೈ ೬ರಂದು ಆ ತಂಡ ಚರ್ಚೊಂದರ ಆವರಣದ ಜಾತ್ರೆಯಲ್ಲಿ ಹಾಡಿತು. ಅಲ್ಲಿ ಹದಿನಾರು ವರ್ಷದ ಲೆನನ್‌ಗೆ ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಮರುವರ್ಷ ಅವರಿಗಿಂತ ಕಿರಿಯನಾದ ಜಾರ್ಜ್ ಹ್ಯಾರಿಸನ್ ಬಂದು ಸೇರಿದ. ಇವರಲ್ಲಿ ಯಾರಿಗೂ ಸಂಗೀತದ ಸ್ವರಲಿಪಿಯನ್ನು ಓದಲು ಬರುತ್ತಿರಲಿಲ್ಲ. ಚಕ್ ಬೆರಿ, ಲಿಟ್ಲ್ ರಿಚರ್ಡ್ ಮೊದಲಾದ ಅಮೆರಿಕದ ಕಪ್ಪು ಜನಾಂಗದ ಗಾಯಕರ ಧ್ವನಿಮುದ್ರಿಕೆಗಳೇ ಇವರಿಗೆ ಪಾಠಶಾಲೆ, ಕಿವಿಯೇ ಪುಸ್ತಕ.

೧೯೬೦ರ ಆಗಸ್ಟ್ ತಿಂಗಳಲ್ಲಿ ಈ ತಂಡಕ್ಕೆ ಜರ್ಮನಿಯ ಹ್ಯಾಂಬರ್ಗ್ ನಗರದಿಂದ ಕರೆ ಬಂದಿತು. ಅದೂ ಬಂದರು ಪಟ್ಟಣವೇ. ಹಾಡಬೇಕಾಗಿದ್ದುದು ನಾವಿಕರೂ ಕುಡುಕರೂ ನೆರೆಯುತ್ತಿದ್ದ ರಾತ್ರಿಯ ಮದ್ಯದಂಗಡಿಗಳಲ್ಲಿ. ವಾರದ ದಿನಗಳಲ್ಲಿ ನಾಲ್ಕೂವರೆ ಗಂಟೆ, ಶನಿವಾರ ಆರು ಗಂಟೆ ಹಾಡಬೇಕೆಂಬುದು ಕರಾರು. ಮಲಗಲು ದೊರೆತುದು ಚಿತ್ರಮಂದಿರವೊಂದರ ಪರದೆಯ ಹಿಂದಣ ಕತ್ತಲೆಯ ಕೋಣೆ. ಕೇಳುವವರಿಗೆ ಇವರ ಹೆಸರು ಬೇಕಿರಲಿಲ್ಲ. ಹಾಡು ಹಿಡಿಸದಿದ್ದರೆ ಎದ್ದುಹೋಗುತ್ತಿದ್ದರು. ಅಷ್ಟು ಹೊತ್ತು ಹಾಡಲು ತಿಳಿದಿದ್ದ ನಾಲ್ಕಾರು ಹಾಡುಗಳು ಸಾಲುತ್ತಿರಲಿಲ್ಲ. ಆದುದರಿಂದ ಹೊಸ ಹಾಡುಗಳನ್ನು ಕಲಿತರು, ಹಳೆಯವನ್ನು ಹಿಗ್ಗಿಸಿದರು, ಒಬ್ಬನ ಕಂಠ ದಣಿದಾಗ ಇನ್ನೊಬ್ಬ ದನಿಗೂಡಿಸುವುದನ್ನು ರೂಢಿಮಾಡಿಕೊಂಡರು. ವರ್ಷ ಮುಗಿಯುವ ಮೊದಲೇ, ರಾತ್ರಿಯ ಕೆಲಸಕ್ಕೆ ಬೇಕಾದ ವಯಸ್ಸಾಗಿಲ್ಲವೆಂದು ಹದಿನೇಳರ ಹ್ಯಾರಿಸನ್‌ನನ್ನು ಅಲ್ಲಿನ ಅಧಿಕಾರಿಗಳು ಊರಿಗೆ ಅಟ್ಟಿದರು. ಆದರೂ ೧೯೬೨ರ ಕೊನೆಯೊಳಗೆ ತಂಡ ಒಟ್ಟು ಐದು ಬಾರಿ ಹ್ಯಾಂಬರ್ಗಿಗೆ ಹೋಗಿಬಂದಿತು.

ಈ ನಡುವೆ ಲಿವರ್‌ಪೂಲಿನಲ್ಲಿಯೇ ಅವರಿಗೆ ಒಂದು ನೆಲೆ ದೊರೆತಿತ್ತು. ಮ್ಯಾಥ್ಯೂ ಬೀದಿಯ ಹಳೆಯ ಉಗ್ರಾಣವೊಂದರ ಕೆಳಗೆ ‘ಕ್ಯಾವರ್ನ್’ ಎಂಬ ನೆಲಮಾಳಿಗೆಯಿತ್ತು. ಇಟ್ಟಿಗೆಯ ಕಮಾನುಗಳು, ಸೆಕೆ, ಗೋಡೆಯಿಂದ ಇಳಿಯುವ ನೀರು; ಗಾಳಿಗೆ ಕಿಟಕಿಯಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿ ಕಚೇರಿಗಳ ಕಿರಿಯ ನೌಕರರು ಅಲ್ಲಿಗೆ ಬಂದು, ಬುತ್ತಿಯನ್ನು ತಿನ್ನುತ್ತ ಹಾಡು ಕೇಳುತ್ತಿದ್ದರು. ೧೯೬೧ರಿಂದ ೧೯೬೩ರ ಆಗಸ್ಟ್‌ವರೆಗೆ ಬೀಟಲ್ಸ್ ಅಲ್ಲಿ ಮುನ್ನೂರಕ್ಕೆ ಸಮೀಪವಾಗುವಷ್ಟು ಬಾರಿ ಹಾಡಿದರು. ಹಾಡುವವರಿಗೂ ಕೇಳುವವರಿಗೂ ನಡುವೆ ನಾಲ್ಕು ಮೊಳದ ಅಂತರವೂ ಇರಲಿಲ್ಲ. ತಪ್ಪಿದರೆ ಆಗಲೇ ತಿಳಿಯುತ್ತಿತ್ತು. ಮರುದಿನವೇ ತಿದ್ದಿಕೊಳ್ಳಲು ಅವಕಾಶವೂ ಇರುತ್ತಿತ್ತು. ಚಿಕ್ಕ ವೇದಿಕೆಯ ಹಿರಿಮೆ ಇರುವುದು ಇಲ್ಲಿ. ಅದು ತಪ್ಪನ್ನು ಮುಚ್ಚುವುದಿಲ್ಲ. ಆದರೆ ತಪ್ಪಿದವನನ್ನು ಹೊರಗೂ ಹಾಕುವುದಿಲ್ಲ.

ಹಾಗಾದರೆ ದುಡಿಮೆಯೊಂದೇ ಗೆಲುವಿಗೆ ಸಾಕೆ? ಸಾಕೆಂದು ಹೇಳಿದರೆ ಅದು ಅರ್ಧ ಸತ್ಯವಾದೀತು. ಹ್ಯಾಂಬರ್ಗಿನಲ್ಲಿ ಅದೇ ವೇದಿಕೆಗಳ ಮೇಲೆ ಅದೇ ಬಗೆಯಲ್ಲಿ ಬೆವರು ಸುರಿಸಿದ ಇತರ ತಂಡಗಳೂ ಇದ್ದವು. ಅವುಗಳಿಗೆ ಈ ಕೀರ್ತಿ ಬರಲಿಲ್ಲ. ಎರಡು ವರ್ಷ ಈ ತಂಡದ ತಾಳವಾದ್ಯ ನುಡಿಸಿದ ಪೀಟ್ ಬೆಸ್ಟ್‌ನನ್ನು, ಗೆಲುವು ಹೊಸ್ತಿಲಲ್ಲಿ ನಿಂತಿರುವಾಗ, ೧೯೬೨ರ ಆಗಸ್ಟ್‌ನಲ್ಲಿ ಕೈಬಿಡಲಾಯಿತು. ಅವನ ಸ್ಥಾನಕ್ಕೆ ರಿಂಗೊ ಸ್ಟಾರ್ ಬಂದ. ಇಬ್ಬರೂ ಹ್ಯಾಂಬರ್ಗಿನ ರಾತ್ರಿಗಳಲ್ಲಿ ಪಳಗಿದವರೇ. ಫಲ ಉಂಡವನು ಒಬ್ಬ ಮಾತ್ರ. ಯಶಸ್ಸಿನ ಕಥೆಯನ್ನು ಹೇಳುವಾಗ ಈ ಕಹಿಯನ್ನು ಮರೆಮಾಚುವುದು ನ್ಯಾಯವಲ್ಲ.

ಇತರರ ನೆರವೂ ಬೇಕಾಯಿತು. ಧ್ವನಿಮುದ್ರಿಕೆಗಳ ಅಂಗಡಿ ನೋಡಿಕೊಳ್ಳುತ್ತಿದ್ದ ಬ್ರಯನ್ ಎಪ್‌ಸ್ಟೈನ್ ೧೯೬೧ರ ನವೆಂಬರಿನಲ್ಲಿ ಕ್ಯಾವರ್ನ್‌ಗೆ ಇಳಿದುಬಂದು ಇವರ ಹಾಡು ಕೇಳಿದ. ತಾನಾಗಿ ಇವರ ವ್ಯವಹಾರದ ಹೊಣೆ ಹೊತ್ತ. ೧೯೬೨ರ ಜನವರಿ ೧ರಂದು ಲಂಡನ್ನಿನ ಡೆಕ್ಕಾ ಕಂಪನಿ ಇವರಿಂದ ಹದಿನೈದು ಹಾಡುಗಳನ್ನು ಹಾಡಿಸಿ, ಕೊನೆಗೆ ಬೇಡವೆಂದಿತು. ಎಪ್‌ಸ್ಟೈನ್ ಕಂಪನಿಯಿಂದ ಕಂಪನಿಗೆ ಅಲೆದು, ಕಡೆಗೆ ಇಎಂಐ ಸಂಸ್ಥೆಯ ಜಾರ್ಜ್ ಮಾರ್ಟಿನ್‌ನನ್ನು ಒಪ್ಪಿಸಿದ. ಆ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ಮೊದಲ ಮುದ್ರಿಕೆ ಬ್ರಿಟನ್ನಿನ ಪಟ್ಟಿಯಲ್ಲಿ ಹದಿನೇಳನೆಯ ಸ್ಥಾನವನ್ನಷ್ಟೇ ಮುಟ್ಟಿತು. ಎಪ್‌ಸ್ಟೈನ್ ಆ ದಿನ ನೆಲಮಾಳಿಗೆಗೆ ಬಾರದಿದ್ದರೆ, ಮಾರ್ಟಿನ್ ಒಪ್ಪದಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ಅದೃಷ್ಟದ ಪಾಲು ಇಲ್ಲವೆನ್ನುವಂತಿಲ್ಲ. ಆದರೆ ಅದೃಷ್ಟ ಬಾಗಿಲು ತಟ್ಟಿದಾಗ ಮನೆಯೊಳಗೆ ದೀಪ ಉರಿಯುತ್ತಿರಬೇಕು.

ಇದಕ್ಕೆ ಸಾಕ್ಷಿ ೧೯೬೩ರ ಫೆಬ್ರವರಿ ೧೧. ಅಂದು ಒಂದೇ ದಿನದಲ್ಲಿ, ಬೆಳಗಿನಿಂದ ರಾತ್ರಿಯವರೆಗೆ, ತಮ್ಮ ಮೊದಲ ದೊಡ್ಡ ಮುದ್ರಿಕೆಗೆ ಬೇಕಾದ ಹತ್ತು ಹಾಡುಗಳನ್ನು ಅವರು ಹಾಡಿ ಮುಗಿಸಿದರು. ಲೆನನ್‌ಗೆ ನೆಗಡಿ, ಗಂಟಲು ಕಟ್ಟಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಆ ಮುದ್ರಿಕೆ ಬ್ರಿಟನ್ನಿನಲ್ಲಿ ಮೂವತ್ತು ವಾರ ಮೊದಲ ಸ್ಥಾನದಲ್ಲಿತ್ತು. ಒಂದು ದಿನದ ಆ ಸಾಧನೆಯ ಹಿಂದೆ ಹ್ಯಾಂಬರ್ಗಿನ ಮತ್ತು ನೆಲಮಾಳಿಗೆಯ ನೂರಾರು ದಿನಗಳಿದ್ದವು. ಕಂಡದ್ದು ಒಂದು ದಿನ. ದುಡಿದದ್ದು ಐದಾರು ವರ್ಷ.

ದೊಡ್ಡ ವೇದಿಕೆ ಅವರಿಗೆ ಏನನ್ನು ಕೊಟ್ಟಿತು? ಹಣವನ್ನು ಕೊಟ್ಟಿತು, ಹೆಸರನ್ನು ಕೊಟ್ಟಿತು. ೧೯೬೫ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನ ನೆರೆದರು. ಆದರೆ ಅಭಿಮಾನಿಗಳ ಕೂಗಿನಲ್ಲಿ ಹಾಡು ಮುಳುಗಿಹೋಯಿತು. ತಮ್ಮ ದನಿ ತಮಗೇ ಕೇಳದಂಥ ಸ್ಥಿತಿ ಅವರದಾಯಿತು. ಕೇಳಲೆಂದು ಬಂದವರೇ ಕೇಳದಂತೆ ಮಾಡಿದ ವಿಚಿತ್ರವಿದು. ತಪ್ಪು ನುಡಿಸಿದರೂ ಚಪ್ಪಾಳೆ, ಸರಿ ನುಡಿಸಿದರೂ ಚಪ್ಪಾಳೆ ಎಂದಾದ ಮೇಲೆ ಕಲಿಯುವುದೇನು ಉಳಿಯಿತು? ೧೯೬೬ರ ಆಗಸ್ಟ್ ೨೯ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಾಡಿದ್ದೇ ಅವರ ಕೊನೆಯ ಟಿಕೆಟ್ ಕಚೇರಿಯಾಯಿತು.

ವೇದಿಕೆಯನ್ನು ಬಿಟ್ಟ ಮೇಲೆಯೇ ಅವರು ಶ್ರೇಷ್ಠ ಕೃತಿಗಳನ್ನು ರಚಿಸಿದರಲ್ಲ, ಆದುದರಿಂದ ವೇದಿಕೆಗೆ ಇಷ್ಟು ಮಹತ್ವ ಏಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅವರು ಹೋದುದು ಎಲ್ಲಿಗೆ? ಧ್ವನಿಮುದ್ರಣದ ಕೋಣೆಗೆ. ಅಲ್ಲಿ ಮತ್ತೆ ಕೆಲವೇ ಜನ, ಮತ್ತೆ ತಪ್ಪಿ ತಿದ್ದಿಕೊಳ್ಳುವ ಸ್ವಾತಂತ್ರ್ಯ. ಕಳೆದುಹೋದ ನೆಲಮಾಳಿಗೆಯನ್ನು ಅವರು ಬೇರೊಂದು ರೂಪದಲ್ಲಿ ಮರಳಿ ಪಡೆದರು. ಆ ವರ್ಷವೇ ಹ್ಯಾರಿಸನ್ ಭಾರತಕ್ಕೆ ಬಂದು, ಪಂಡಿತ ರವಿಶಂಕರ್ ಅವರ ಮುಂದೆ ಶಿಷ್ಯನಾಗಿ ಕುಳಿತು ಸಿತಾರಿನ ಪಾಠ ಹೇಳಿಸಿಕೊಂಡ. ಲೋಕವೆಲ್ಲ ಹೊಗಳುತ್ತಿದ್ದಾಗ ಮತ್ತೆ ಮೊದಲ ಪಾಠಕ್ಕೆ ಕೂರುವುದಕ್ಕೆ ವಿನಯ ಬೇಕು.

ಬೀಟಲ್ಸ್ ತಂಡ ೧೯೭೦ರಲ್ಲಿ ಒಡೆಯಿತು. ಅವರನ್ನು ಬೆಳೆಸಿದ ನೆಲಮಾಳಿಗೆಯ ಗತಿಯೇನಾಯಿತು? ೧೯೭೩ರಲ್ಲಿ ಅದನ್ನು ಮುಚ್ಚಲಾಯಿತು. ನೆಲದಡಿಯ ರೈಲುಮಾರ್ಗಕ್ಕೆ ಗಾಳಿಗಂಡಿ ತೋಡಬೇಕೆಂದು ಮೇಲಿನ ಕಟ್ಟಡವನ್ನು ಕೆಡವಿದರು. ಆ ಗಂಡಿಯನ್ನು ತೋಡಲೇ ಇಲ್ಲ. ೧೯೮೪ರಲ್ಲಿ ಅದೇ ಬೀದಿಯಲ್ಲಿ, ಹಳೆಯ ಜಾಗದ ಒಂದು ಭಾಗವನ್ನೊಳಗೊಂಡು, ಹಳೆಯ ಇಟ್ಟಿಗೆಗಳನ್ನೂ ಬಳಸಿ, ಅದನ್ನು ಮತ್ತೆ ಕಟ್ಟಬೇಕಾಯಿತು. ಇಂದು ಜಗತ್ತಿನ ನಾನಾ ಭಾಗಗಳಿಂದ ಜನ ಅದನ್ನು ನೋಡಲು ಬರುತ್ತಾರೆ. ಇದ್ದಾಗ ಬೆಲೆ ತಿಳಿಯಲಿಲ್ಲ. ಕಳೆದುಕೊಂಡ ಮೇಲೆ ತಿಳಿಯಿತು.

ಇದು ಒಂದು ಊರಿನ ತಪ್ಪಲ್ಲ. ಗೆದ್ದವರನ್ನು ಮೆರವಣಿಗೆ ಮಾಡುವುದು ಎಲ್ಲ ಸಮಾಜಗಳಿಗೂ ಸುಲಭ. ಇನ್ನೂ ಗೆಲ್ಲದವರಿಗೆ ನಿಲ್ಲಲು ಜಾಗ ಕೊಡುವುದು ಕಷ್ಟ. ಶಾಲೆಯ ಸಭಾಂಗಣ, ಬಡಾವಣೆಯ ಸಂಘ, ಹಬ್ಬದ ಚಪ್ಪರ ಇವುಗಳಿಂದ ಹಣ ಹುಟ್ಟುವುದಿಲ್ಲ, ಆದ್ದರಿಂದ ಇವು ವ್ಯರ್ಥ ಎಂದು ಲೆಕ್ಕ ಹಾಕುವವರು ಎಲ್ಲೆಲ್ಲಿಯೂ ಇದ್ದಾರೆ. ಅವರು ಮರಕ್ಕೆ ಹಣ್ಣನ್ನು ಬೇಡುತ್ತಾರೆ. ಸಸಿಮಡಿಯನ್ನು ಮಾತ್ರ ಅಗೆದುಹಾಕುತ್ತಾರೆ. ಹತ್ತು ಜನರ ಮುಂದೆ ನಡುಗುವ ದನಿಯಲ್ಲಿ ಹಾಡುವ ಹುಡುಗನೋ ಹುಡುಗಿಯೋ ನಾಳೆ ಲೋಕಪ್ರಸಿದ್ಧರಾಗುವರೆಂದು ಯಾರೂ ಭರವಸೆ ಕೊಡಲಾರರು. ಹೆಚ್ಚಿನವರು ಆಗುವುದೂ ಇಲ್ಲ. ಆದರೆ ಆ ಹತ್ತು ಜನ ಕುಳಿತು ಕೇಳದಿದ್ದರೆ ಯಾರೊಬ್ಬರೂ ಆಗಲಾರರು ಎಂಬುದು ನಿಶ್ಚಯ. ಕೋಟಿ ಜನರ ಚಪ್ಪಾಳೆಗಿಂತ ಕಲಾವಿದನಿಗೆ ಮೊದಲು ಬೇಕಾದುದು ಆ ಹತ್ತು ಜನರ ತಾಳ್ಮೆ.