ಕೂವೆಮರವನ್ನೇರಿದ ಗಾಲಿಕುರ್ಚಿ

ಒಂದು ಕಣ್ಣಿನ ದೃಷ್ಟಿಯನ್ನೂ ಒಂದು ತೋಳನ್ನೂ ಯುದ್ಧದಲ್ಲಿ ಕಳೆದುಕೊಂಡ ಮೇಲೂ ನೆಲ್ಸನ್ ಇಂಗ್ಲೆಂಡಿನ ನೌಕಾಪಡೆಯನ್ನು ನಡೆಸಿದನು. 1794ರಲ್ಲಿ ಕಾರ್ಸಿಕಾದ ಕಾಲ್ವಿಯಲ್ಲಿ ಕಣ್ಣು ಹೋಯಿತು. 1797ರಲ್ಲಿ ಟೆನೆರೀಫಿನಲ್ಲಿ ಬಲತೋಳು. ಟ್ರಫಾಲ್ಗರಿನ ವಿಜಯ ಒದಗಿದ್ದು ಅನಂತರ ಎಂಟು ವರ್ಷಗಳಿಗೆ. ಆದರೆ ಅವನು ಸೇನಾಪತಿ, ಹಗ್ಗವೆಳೆಯಲು ಬೇರೆಯವರಿದ್ದರು. ಸಾಮಾನ್ಯನಾದ ಅಂಗವಿಕಲನೊಬ್ಬನು ತಾನೇ ಹಗ್ಗವೆಳೆದು ಹಾಯಿ ಬಿಚ್ಚುವೆನೆಂದರೆ ಅವನಿಗೆ ಹಡಗಿನಲ್ಲಿ ಎಡೆಯೆಲ್ಲಿ?

ಈ ಪ್ರಶ್ನೆಗೆ ಉತ್ತರ ಹುಡುಕಿದವನು ಕ್ರಿಸ್ಟಫರ್ ರಡ್ ಎಂಬ ಶಾಲಾಮಾಸ್ತರ. ಅವನಿಗೆ ನೌಕಾಯಾನದ ಹುಚ್ಚು; ಅವನಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದವರಲ್ಲಿ ಅಂಗವಿಕಲ ಮಕ್ಕಳೂ ಇದ್ದರು. 1978ರಲ್ಲಿ, ರಾಣಿಯ ರಜತೋತ್ಸವ ನಿಧಿಯ ನೆರವಿನಿಂದ, ಜೂಬಿಲಿ ಸೇಲಿಂಗ್ ಟ್ರಸ್ಟ್ ಹುಟ್ಟಿತು. ಅದು ಕಟ್ಟಿಸಿದ ಮೂರು ಕೂವೆಮರಗಳ, ಸುಮಾರು 180 ಅಡಿ ಉದ್ದದ ಹಾಯಿಹಡಗು 1986ರಲ್ಲಿ ಮೊದಲ ಯಾನ ಹೊರಟಿತು. ಹೆಸರು 'ಲಾರ್ಡ್ ನೆಲ್ಸನ್'. ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುತ್ತಿರಲಿಲ್ಲ.

ಕರುಣೆಯಿಂದ ರೋಗಿಗಳನ್ನು ಗಾಳಿಸೇವನೆಗೆ ಕರೆದೊಯ್ಯುವ ವ್ಯವಸ್ಥೆ ಇದಲ್ಲ. ಯಾನಕ್ಕೆ ಬಂದ ನಲವತ್ತು ಮಂದಿಯಲ್ಲಿ ಸರಿಸುಮಾರು ಅರ್ಧದಷ್ಟು ಅಂಗವಿಕಲರು. ಉಳಿದವರು ಅವರ ಜೊತೆಗಾರರು. ಎಲ್ಲರಿಗೂ ಪಾಳಿಯ ಕಾವಲು, ಎಲ್ಲರಿಗೂ ಹಗ್ಗದ ಕೆಲಸ, ಸರದಿ ಬಂದಾಗ ಅಡಿಗೆಮನೆಯ ಚಾಕರಿ. ಬದಲಾಗಬೇಕಾದದ್ದು ಮನುಷ್ಯನಲ್ಲ, ಹಡಗು ಎಂದು ಶಿಲ್ಪಿ ಕಾಲಿನ್ ಮ್ಯೂಡೀ ಬಗೆದಂತಿದೆ. ಗಾಲಿಕುರ್ಚಿ ಉರುಳಲು ಅಗಲವಾದ ಸಮತಟ್ಟು ಅಟ್ಟ, ಅಂತಸ್ತಿನಿಂದ ಅಂತಸ್ತಿಗೆ ಲಿಫ್ಟು, ಬೆರಳಿನಿಂದ ಓದುವ ಬ್ರೈಲ್ ಫಲಕಗಳು. ಕಿವಿ ಕೇಳದವನು ನಿದ್ರೆಯಲ್ಲಿದ್ದಾಗ ಅಪಾಯದ ಗಂಟೆ ಬಾರಿಸಿದರೆ ಅವನ ಹಾಸಿಗೆಯೇ ನಡುಗಿ ಎಬ್ಬಿಸುತ್ತಿತ್ತು. ದಿಕ್ಸೂಚಿ ಮಾತನಾಡುತ್ತಿತ್ತು, ಅದರ ನುಡಿಯನ್ನಾಲಿಸಿ ಕುರುಡನು ಚುಕ್ಕಾಣಿ ಹಿಡಿಯುತ್ತಿದ್ದನು. ಹಡಗಿನ ಮೂತಿಯಿಂದ ಕಡಲ ಮೇಲೆ ಚಾಚಿದ ಮರದ ತುದಿಯವರೆಗೂ ಗಾಲಿಕುರ್ಚಿ ಹೋಗುತ್ತಿತ್ತು. ಇನ್ನು ಕೂವೆಮರ? ಕಾಲಿನ ಸ್ವಾಧೀನವಿಲ್ಲದವನನ್ನು ಕುರ್ಚಿಸಹಿತ ಹಗ್ಗಕ್ಕೆ ಬಿಗಿದು ಸಂಗಡಿಗರೆಲ್ಲ ಸೇರಿ ಮೇಲಕ್ಕೆಳೆಯುತ್ತಿದ್ದರು. 'ಕುಂಟನಿಗೆ ಎಂಟು ಚೇಷ್ಟೆ' ಎಂದು ಗಾದೆ ಕಟ್ಟಿದ ನಮ್ಮ ಹಿರಿಯರನ್ನು ಆ ಹಗ್ಗದ ತುದಿಗೆ ನಿಲ್ಲಿಸಬೇಕಿತ್ತು!

2012ರಲ್ಲಿ ಹೊರಟ ಈ ಹಡಗು 2014ರಲ್ಲಿ ಭೂಪ್ರದಕ್ಷಿಣೆ ಮುಗಿಸಿತು. ನಡುವೆ ನಮ್ಮ ಕೊಚ್ಚಿಯಲ್ಲೂ ಲಂಗರು ಹಾಕಿತ್ತು. ಅಷ್ಟರಲ್ಲಿ ಅದಕ್ಕೊಬ್ಬ ತಂಗಿಯೂ ಹುಟ್ಟಿದ್ದಳು. 2000ದಲ್ಲಿ ನೀರಿಗಿಳಿದ 'ಟೆನೇಷಿಯಸ್', ಎಂದರೆ ಹಿಡಿದದ್ದನ್ನು ಬಿಡದವಳು, ಮರದ ಹಡಗು. ಸೌತಾಂಪ್ಟನ್ನಿನಲ್ಲಿ ಅದನ್ನು ಕಟ್ಟುವಾಗ ನುರಿತ ಬಡಗಿಗಳೊಡನೆ ಅಂಗವಿಕಲ ಸ್ವಯಂಸೇವಕರೂ ಉಳಿ ಹಿಡಿದು ದುಡಿದರು. ತಾನೇ ಕೆತ್ತಿದ ಹಡಗಿನಲ್ಲಿ ತಾನೇ ಕಡಲಿಗಿಳಿಯುವ ಭಾಗ್ಯ ಎಷ್ಟು ನಾವಿಕರಿಗುಂಟು?

ಆದರೆ ಹಾಯಿಗೆ ಗಾಳಿ ಪುಕ್ಕಟೆ ಸಿಕ್ಕೀತು, ಹಡಗಿಗೆ ಖರ್ಚು ತಪ್ಪದು. ಹಗ್ಗ, ದುರಸ್ತಿ, ತಪಾಸಣೆ, ಕಾಯಂ ನಾವಿಕರ ಸಂಬಳ ಎಲ್ಲಕ್ಕೂ ದಾನಿಗಳ ಮುಖ ನೋಡಬೇಕು. 'ಲಾರ್ಡ್ ನೆಲ್ಸನ್' 2019ರಲ್ಲಿ ನಿವೃತ್ತವಾಯಿತು. ಮರುವರ್ಷದ ಸಾಂಕ್ರಾಮಿಕವು ಯಾನಗಳನ್ನೇ ನಿಲ್ಲಿಸಿತು. 2023ರ ಕೊನೆಯಲ್ಲಿ ಹಣದ ಮುಗ್ಗಟ್ಟಿನಿಂದ ಟ್ರಸ್ಟೇ ಬಾಗಿಲು ಮುಚ್ಚಿತು. ಕುರುಡರು ಚುಕ್ಕಾಣಿ ಹಿಡಿಯಲಾರರೆಂದು ಅಷ್ಟರಲ್ಲಿ ಹೇಳುವವರು ಯಾರೂ ಉಳಿದಿರಲಿಲ್ಲ.