ಉಳಿತಾಯ ಬೇರೆ, ಸಂಗ್ರಹ ಬೇರೆ

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದು ನಮ್ಮ ಹಿರಿಯರ ಗಾದೆ. ಅವರು ಅದನ್ನು ಹೇಳಿದ್ದು ಆದಾಯ-ವೆಚ್ಚಗಳ ವಿಷಯವಾಗಿ. ಮುಂಬಯಿಯಲ್ಲಿ ನೆಲೆಸಿರುವ ನಮಗಾದರೋ ಅದು ಅಕ್ಷರಶಃ ಅನ್ವಯಿಸುತ್ತದೆ. ನಾನೂರು ಚದರಡಿಯ ಮನೆ. ಮಂಚದ ಕೆಳಗೆ ಟ್ರಂಕು, ಕಪಾಟಿನ ಮೇಲೆ ಸೂಟ್‌ಕೇಸು, ಅಟ್ಟದಲ್ಲಿ ಹಳೆಯ ಪಾತ್ರೆ, ಬಾಲ್ಕನಿಯಲ್ಲಿ ಕೈ ಮುರಿದ ಕುರ್ಚಿ. ಇವೆಲ್ಲ ಬಿಟ್ಟುಕೊಟ್ಟ ಜಾಗದಲ್ಲಿ ಮನುಷ್ಯರು ಕಾಲು ಚಾಚಬೇಕು. ಮನೆ ಸಾಲದೆಂದು ನಾವು ನಿತ್ಯವೂ ಕೊರಗುತ್ತೇವೆ. ಮನೆ ಚಿಕ್ಕದೋ, ಸಾಮಾನು ಹೆಚ್ಚೋ ಎಂದು ಮಾತ್ರ ವಿಚಾರಿಸುವುದಿಲ್ಲ.

ಮಿತವ್ಯಯವು ನಮ್ಮವರಿಗೆ ಹೊಸದೇನಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಒಂದೇ ಟ್ರಂಕಿನಲ್ಲಿ ತಮ್ಮ ಸಂಸಾರವನ್ನು ಅಡಗಿಸಿದ್ದರು. ಅವರು ಉಳಿಸಿದ್ದು ಹಣವನ್ನು. ಅದು ಮನಿಯಾರ್ಡರಾಗಿ ಊರು ಸೇರಿ ತಂಗಿಯ ಮದುವೆಯಾಯಿತು, ತಮ್ಮನ ವಿದ್ಯಾಭ್ಯಾಸವಾಯಿತು. ಡಬ್ಬಿ, ದಾರ, ಕಾಗದಗಳನ್ನೂ ಅವರು ಎತ್ತಿಡುತ್ತಿದ್ದುದು ನಿಜ. ಅಭಾವದ ಕಾಲದಲ್ಲಿ ಅದು ವಿವೇಕವೇ ಆಗಿತ್ತು. ಈಗ ಅಭಾವವು ಹೋಗಿ, ಎತ್ತಿಡುವ ಅಭ್ಯಾಸ ಮಾತ್ರ ಉಳಿದಿದೆ. ಅದರ ಜೊತೆಗೆ ಕಂತಿನ ಮೇಲೆ ಕೊಳ್ಳುವ ಹೊಸ ಅಭ್ಯಾಸವೂ ಸೇರಿದೆ. ವಸ್ತುವನ್ನು ಬಿಟ್ಟು ಹಣವನ್ನು ಉಳಿಸುವುದು ಉಳಿತಾಯ. ಹಣವನ್ನು ಬಿಟ್ಟು ವಸ್ತುವನ್ನು ಪೇರಿಸುವುದು ಸಂಗ್ರಹ. ಇವೆರಡೂ ಒಂದೇ ಎಂಬ ಭ್ರಮೆಯೇ ನಮ್ಮ ಇಂದಿನ ಇಕ್ಕಟ್ಟಿನ ಮೂಲವೆಂದು ನನ್ನ ಅಭಿಪ್ರಾಯ.

ವಾಣಿಜ್ಯಶಾಸ್ತ್ರ ಓದಿದವನಿಗೆ ಯಾವುದನ್ನೂ ಲೆಕ್ಕಕ್ಕಿಳಿಸದೆ ಸಮಾಧಾನವಿರುವುದಿಲ್ಲ. ಮನೆಯ ಬೆಲೆ ಚದರಡಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಉಪಯೋಗಕ್ಕೆ ಬಾರದ ಸಾಮಾನು ತುಂಬಿದ ಒಂದು ಕಪಾಟು 10 ಚದರಡಿ ಆಕ್ರಮಿಸಿದರೆ ಅದು ಕುಳಿತಿರುವುದು 2 ಲಕ್ಷ ರೂಪಾಯಿಯ ನೆಲದ ಮೇಲೆ. ಗೃಹಸಾಲದ ಬಡ್ಡಿ ಶೇಕಡಾ 8 ಎಂದು ಹಿಡಿದರೂ ವರ್ಷಕ್ಕೆ 16,000 ರೂಪಾಯಿ. ಒಳಗಿರುವ ಹಳೆಯ ಚಾದರ, ಕೆಟ್ಟ ಮಿಕ್ಸರು, ಯಾರೂ ತೊಡದ ಕೋಟುಗಳಿಗೆ ನಾವು ಬಾಡಿಗೆ ತೆತ್ತು ಆಶ್ರಯ ಕೊಟ್ಟಂತಾಯಿತು. "ಎಂದಾದರೂ ಬೇಕಾದೀತು" ಎಂಬ ಮಾತಿಗೆ ಇದಕ್ಕಿಂತ ದುಬಾರಿಯಾದ ಬೆಲೆ ಇನ್ನೇನಿದೆ?

ಆರೋಗ್ಯದ ದೃಷ್ಟಿಯಿಂದಲೂ ಈ ಸಂಗ್ರಹ ಹಿತಕರವಲ್ಲ. ಹಳೆಯ ಹಾಸಿಗೆ-ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳು ಬೆಳೆದು, ಅಲರ್ಜಿಯ ಪ್ರಕೃತಿಯವರಿಗೆ ಸೀನು, ಉಬ್ಬಸಗಳನ್ನು ತರುತ್ತವೆ. ಬಾಲ್ಕನಿಯ ಒಡೆದ ಕುಂಡ, ಹಳೆಯ ಟಯರು, ಮುಚ್ಚದ ಡ್ರಮ್ಮುಗಳಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು, ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ವೃದ್ಧರು ಇರುಳಲ್ಲಿ ಎದ್ದಾಗ ದಾರಿಗಡ್ಡವಾದ ಸ್ಟೂಲನ್ನು ಎಡವಿದರೆ ಸೊಂಟದ ಮೂಳೆಗೇ ಅಪಾಯ. ಅವಧಿ ಮೀರಿದ ಮಾತ್ರೆಗಳ ಡಬ್ಬಿಯ ಕಥೆಯನ್ನಂತೂ ಹೇಳಬೇಕಾಗಿಲ್ಲ.

ಕಣ್ಣಿಗೆ ಬೀಳದ ಸಂಗ್ರಹವೂ ಉಂಟು. ಊರಿನಲ್ಲೊಂದು, ಓದಿದ ಪಟ್ಟಣದಲ್ಲೊಂದು, ಮೊದಲ ನೌಕರಿಯ ಕಾಲದ್ದು ಇನ್ನೊಂದು ಎಂದು ಬ್ಯಾಂಕಿನ ಖಾತೆಗಳೂ ರಾಶಿ ಬೀಳುತ್ತವೆ. ಎರಡು ವರ್ಷ ವ್ಯವಹಾರ ನಡೆಯದ ಉಳಿತಾಯ ಖಾತೆ ನಿಷ್ಕ್ರಿಯವೆನಿಸುತ್ತದೆ. ಹತ್ತು ವರ್ಷ ಕಳೆದರೆ ಅದರ ಹಣವು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಸಲ್ಲುತ್ತದೆ. ಆ ಬಳಿಕವೂ ಬ್ಯಾಂಕಿನ ಮೂಲಕ ಅದನ್ನು ಹಿಂದಕ್ಕೆ ಪಡೆಯಲು ಹಕ್ಕುಂಟು. ಆದರೆ ಅಂಥದೊಂದು ಖಾತೆ ಇದೆಯೆಂಬುದೇ ಮನೆಯವರಿಗೆ ತಿಳಿಯದಿದ್ದರೆ ಹಕ್ಕು ಕೇಳುವವರಾರು? ಬೇಡವಾದ ಖಾತೆಗಳನ್ನು ಮುಚ್ಚಿ, ಉಳಿದವುಗಳಿಗೆ ನಾಮನಿರ್ದೇಶನ ಮಾಡಿ, ಒಂದು ಪಟ್ಟಿಯನ್ನು ಮಡದಿಯ ಕೈಗೋ ಮಕ್ಕಳ ಕೈಗೋ ಕೊಡುವುದು ಅಟ್ಟ ಗುಡಿಸುವುದಕ್ಕಿಂತಲೂ ಮೊದಲ ಕೆಲಸ.

ಪ್ರಯಾಣದಲ್ಲಿಯೂ ನಮ್ಮ ರೀತಿ ಇದೇ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಉಡುಪಿ, ಮಂಗಳೂರುಗಳು ಒಂದು ರಾತ್ರಿಯ ಹಾದಿಯಾದವು. ಹಾದಿ ಹಗುರವಾಯಿತು, ಹೊರೆ ಹಗುರವಾಗಲಿಲ್ಲ. ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಲು ಅನುಮತಿಯುಂಟು. ಒಯ್ಯಲೇಬೇಕೆಂಬ ನಿಯಮವೇನೂ ಇಲ್ಲ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ಕಾಯಿಯನ್ನೋ ತ್ಯಜಿಸಿ ಬರುವ ಸಂಪ್ರದಾಯ ನಮ್ಮಲ್ಲಿದೆ. ಇಂದಿನ ಪ್ರವಾಸಿಯು ಹೋಗುವಾಗ ಎರಡು ಚೀಲ, ಬರುವಾಗ ಮೂರು ಚೀಲ. ಊರಿಗೆ ಹೋದ ಹತ್ತು ದಿನಗಳಲ್ಲಿ ಉಡುಗೊರೆ ಹಂಚುವುದಕ್ಕೆ ಕೆಲವು, ಕಟ್ಟಿಕೊಂಡು ಬರುವುದಕ್ಕೆ ಕೆಲವು ದಿನ ಕಳೆದು, ಜಗಲಿಯಲ್ಲಿ ಕಾದು ಕುಳಿತ ತಂದೆತಾಯಿಯರ ಪಾಲಿಗೆ ಎಷ್ಟು ಉಳಿಯಿತು? ತಾಯಿ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ಬೇಡವೆನ್ನಬೇಕೆಂದು ನಾನು ಹೇಳುತ್ತಿಲ್ಲ. ಅದು ಸಾಮಾನಲ್ಲ, ಪ್ರೀತಿ. ಕುಚ್ಚಲಕ್ಕಿಯ ಮೂಟೆಯಾದರೋ ಮಾಟುಂಗದಲ್ಲಿಯೂ ದೊರಕುತ್ತದೆ.

ಇನ್ನು ವಿರಾಮ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ತಿಂಗಳಲ್ಲಿ ಎರಡು ಶನಿವಾರ ರಜೆ ದೊರೆತಿದೆ. ದೊರೆತ ಆ ಬಿಡುವಿನಲ್ಲಿ ಎಷ್ಟು ಪಾಲು ಮಾಲುಗಳಲ್ಲಿ ಕೊಳ್ಳುವುದಕ್ಕೂ, ಕೊಂಡದ್ದನ್ನು ರಿಪೇರಿ ಮಾಡಿಸುವುದಕ್ಕೂ ಹೋಯಿತೆಂದು ನನ್ನ ಸಹೋದ್ಯೋಗಿಗಳೇ ಹೇಳಬೇಕು. ನಮ್ಮ ವೃತ್ತಿಯಲ್ಲಿ ಇನ್ನೊಂದು ನಿಯಮವಿದೆ. ಸೂಕ್ಷ್ಮ ಹೊಣೆಯ ಸ್ಥಾನಗಳಲ್ಲಿರುವವರು ವರ್ಷಕ್ಕೊಮ್ಮೆ ಸತತವಾಗಿ ಹತ್ತು ಕೆಲಸದ ದಿನಗಳಾದರೂ ಕಡ್ಡಾಯ ರಜೆಯಲ್ಲಿರಬೇಕು. ಅದರ ಉದ್ದೇಶ ವಂಚನೆಯನ್ನು ಪತ್ತೆಹಚ್ಚುವುದು. ಆದರೆ ಅದರಿಂದ ಇನ್ನೊಂದು ಸತ್ಯವೂ ಪತ್ತೆಯಾಗುತ್ತದೆ: ನಾವಿಲ್ಲದೆಯೂ ಕಚೇರಿ ನಡೆಯುತ್ತದೆ. ಇದನ್ನರಿತವನಿಗೆ ಭಾನುವಾರದ ಒಂದು ಸಂಜೆಯನ್ನು ಏನೂ ಮಾಡದೆ, ಮಕ್ಕಳೊಡನೆ ಕಡಲ ದಂಡೆಯಲ್ಲಿ ಕಳೆಯಲು ಅಳುಕಿರಬೇಕಾಗಿಲ್ಲ.

ಸರಳತೆಯ ಉಪದೇಶವೆಲ್ಲ ಹೊಟ್ಟೆ ತುಂಬಿದವರ ಮಾತೆಂದು ಕೆಲವರು ಆಕ್ಷೇಪಿಸಬಹುದು. ಅವರಿಗೆ ಉತ್ತರ 12ನೆಯ ಶತಮಾನದ ಕಲ್ಯಾಣದಲ್ಲಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಅವರನ್ನು ತಿದ್ದಿದವರು ಪತ್ನಿ ಲಕ್ಕಮ್ಮನವರು. ಆ ಮನೆಯಲ್ಲಿ ಸಂಪತ್ತಿರಲಿಲ್ಲ; ಸಾಕೆಂಬ ಅರಿವಿತ್ತು. ನಾಳೆಯ ಭಯದಿಂದಲೂ ನೆರೆಯವರ ಕಣ್ಣಿಗಾಗಿಯೂ ಪೇರಿಸುವ ನಮಗೆ ಕೊರತೆಯಾಗಿರುವುದು ಆ ಅರಿವೇ.

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಹೊಸದೊಂದು ಒಳಬಂದರೆ ಹಳೆಯದೊಂದು ಹೊರಹೋಗಲಿ. ವರ್ಷದಲ್ಲಿ ಒಮ್ಮೆಯೂ ಮುಟ್ಟದ್ದು ಮುಟ್ಟುವವರ ಕೈ ಸೇರಲಿ: ಪುಸ್ತಕಗಳು ಸಂಘದ ಗ್ರಂಥಾಲಯಕ್ಕೆ, ಮದುವೆಯಲ್ಲಿ ಬಂದ ಹೆಸರು ಕೊರೆದ ಪಾತ್ರೆಗಳು ಹೊಸದಾಗಿ ಸಂಸಾರ ಹೂಡುವವರಿಗೆ. ಮಂಗಲಕಾರ್ಯಗಳಿಗೆ ಹೋಗುವಾಗ ವಸ್ತುವಿಗಿಂತ ನಮ್ಮ ಒಂದು ಗಂಟೆಯ ಸಮಯ ಮಿಗಿಲೆಂದು ತಿಳಿಯೋಣ. ನಾವು ಹೋದ ಮೇಲೆ ನಮ್ಮ ಮಕ್ಕಳು ಈ ಕಪಾಟುಗಳನ್ನು ತೆರೆಯಲೇಬೇಕಾಗುತ್ತದೆ. ಆಗ ಅವರಿಗೆ ಸಿಗಬೇಕಾದದ್ದು ವಾರಗಟ್ಟಲೆ ಹೊರಹಾಕಬೇಕಾದ ಹೊರೆಯೋ, ಅಥವಾ ಕೈಯಲ್ಲಿ ಹಿಡಿದು ನೆನೆಯಬಹುದಾದ ನಾಲ್ಕು ವಸ್ತುಗಳೋ ಎಂಬುದನ್ನು ನಿಶ್ಚಯಿಸುವ ಅಧಿಕಾರ ಇಂದು ನಮ್ಮದು.