ಲೋರ್ಕಾನನ್ನು ಅರ್ಧ ಮಾತ್ರ ಒಪ್ಪುವವರು

ಸ್ಪೇನಿನ ಕವಿ, ನಾಟಕಕಾರ ಫೆಡೆರಿಕೊ ಗಾರ್ಸಿಯಾ ಲೋರ್ಕಾ ಫ್ಯಾಸಿಸ್ಟರ ಗುಂಡಿಗೆ ಬಲಿಯಾದಾಗ ಅವನಿಗೆ ಕೇವಲ 38 ವರ್ಷ. ಕೋಮುವಾದದ ವಿರುದ್ಧ ಮಾತನಾಡುವ ನಮ್ಮ ಪ್ರಗತಿಪರರು ಈ ಸಾವನ್ನು ಆಗಾಗ ನೆನೆಯುವುದುಂಟು. ಮುಸ್ಲಿಂ ಓದುಗರಿಗಂತೂ ಅವನು ಹತ್ತಿರವಾಗಲು ಇನ್ನೊಂದು ಕಾರಣವಿದೆ. 1492ರಲ್ಲಿ ಗ್ರನಡಾದ ಮುಸ್ಲಿಂ ರಾಜ್ಯ ಕುಸಿದದ್ದು ವಿಜಯವೆಂದು ಶಾಲೆಗಳಲ್ಲಿ ಕಲಿಸುತ್ತಿದ್ದ ಕಾಲದಲ್ಲಿ, ಅದೊಂದು ದುರಂತ, ಕಾವ್ಯ, ಖಗೋಳ, ವಾಸ್ತುಶಿಲ್ಪಗಳ ನಾಗರಿಕತೆಯೊಂದು ಅಂದು ನಾಶವಾಯಿತು ಎಂದು 1936ರ ಜೂನ್‌ನಲ್ಲಿ ಪತ್ರಿಕೆಯೊಂದಕ್ಕೆ ಹೇಳಿದವನು ಅವನು. ತನ್ನ ಕೊನೆಯ ವರ್ಷಗಳ ಕವಿತೆಗಳಿಗೆ ‘ದಿವಾನ್’ ಎಂದು ಹೆಸರಿಟ್ಟು, ಅವುಗಳನ್ನು ಗಜಲ್ ಮತ್ತು ಕಸೀದಾಗಳೆಂದು ಕರೆದವನೂ ಅವನೇ.

ಇಷ್ಟನ್ನೆಲ್ಲ ಅಭಿಮಾನದಿಂದ ಹೇಳುವವರು ಒಂದು ಮಾತನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಲೋರ್ಕಾ ಸಲಿಂಗಕಾಮಿಯಾಗಿದ್ದ.

ಅದು ಅವನ ಖಾಸಗಿ ವಿಚಾರ, ಕೆದಕುವುದೇಕೆ ಎಂಬುದು ಸಭ್ಯರ ವಾದ. ಕೊಂದವರು ಅದನ್ನು ಖಾಸಗಿಯೆಂದು ಬಿಟ್ಟಿದ್ದರೇ? 1936ರ ಜುಲೈನಲ್ಲಿ ಸೈನ್ಯ ದಂಗೆಯೆದ್ದು ಗ್ರನಡಾವನ್ನು ವಶಪಡಿಸಿಕೊಂಡ ಮೇಲೆ ಲೋರ್ಕಾ ಗೆಳೆಯ ಲೂಯಿಸ್ ರೊಸಾಲೆಸ್‌ನ ಮನೆಯಲ್ಲಿ ಅಡಗಿದ್ದ. ಆಗಸ್ಟ್ 16ರಂದು ಅವನನ್ನು ಅಲ್ಲಿಂದ ಬಂಧಿಸಿ ಒಯ್ದರು. ನಗರದ ಮೇಯರ್ ಆಗಿದ್ದ ಅವನ ಭಾವನನ್ನು ಗುಂಡಿಟ್ಟು ಕೊಂದದ್ದೂ ಅದೇ ದಿನ. ಎರಡು ಮೂರು ದಿನಗಳಲ್ಲೇ ವಿಸ್ನಾರ್ ಮತ್ತು ಅಲ್ಫಕಾರ್ ಊರುಗಳ ನಡುವೆ ಒಬ್ಬ ಶಾಲಾ ಮಾಸ್ತರ ಹಾಗೂ ಗೂಳಿಕಾಳಗದ ಇಬ್ಬರು ಆಳುಗಳ ಜೊತೆ ಅವನನ್ನೂ ಕೊಂದರು. ಶವ ಇವತ್ತಿಗೂ ಸಿಕ್ಕಿಲ್ಲ. ಯುದ್ಧದಲ್ಲಾದ ಗಾಯಗಳಿಂದ ಸತ್ತನೆಂದು 1940ರಲ್ಲಿ ಸರ್ಕಾರಿ ದಾಖಲೆ ಬರೆಯಿತು. 1965ರಲ್ಲಿ ಗ್ರನಡಾ ಪೊಲೀಸರು ಸಿದ್ಧಪಡಿಸಿ, 2015ರಲ್ಲಷ್ಟೇ ಬೆಳಕಿಗೆ ಬಂದ ವರದಿಯಲ್ಲಿ ಅವನ ಮೇಲಿನ ಆರೋಪಗಳ ಪಟ್ಟಿಯಿದೆ. ಸಮಾಜವಾದಿ ಎಂಬುದರ ಜೊತೆಗೇ ಸಲಿಂಗಕಾಮವೂ ಅದರಲ್ಲಿ ಸೇರಿದೆ. ಅಂದರೆ ಶತ್ರುಗಳು ಅವನನ್ನು ಇಡಿಯಾಗಿ ದ್ವೇಷಿಸಿದರು. ಮಿತ್ರರಾದ ನಾವು ಅರ್ಧವನ್ನು ಮಾತ್ರ ಪ್ರೀತಿಸುತ್ತಿದ್ದೇವೆ.

ಗುಂಡಿನಿಂದ ಆಗದೆ ಉಳಿದದ್ದನ್ನು ಮೌನ ಮುಗಿಸಿತು. ಗಂಡಸರ ನಡುವಿನ ಪ್ರೀತಿಯನ್ನು ಕುರಿತು ಅವನು 1930ರಲ್ಲಿ ಬರೆದ ‘ಎಲ್ ಪುಬ್ಲಿಕೊ’ ನಾಟಕ ರಂಗವೇರಲು ದಶಕಗಳ ಕಾಲ ಕಾಯಬೇಕಾಯಿತು. ‘ಕತ್ತಲ ಪ್ರೀತಿಯ ಸುನೀತಗಳು’ ಎಂದು ಹೆಸರಾಗಿದ್ದ ಅವನ ಪದ್ಯಗಳನ್ನು 1984ರಲ್ಲಿ ಮ್ಯಾಡ್ರಿಡ್‌ನ ಪತ್ರಿಕೆ ‘ಎಬಿಸಿ’ ಪ್ರಕಟಿಸಿದಾಗ ತಲೆಬರಹದಿಂದ ‘ಕತ್ತಲ’ ಎಂಬ ಪದವನ್ನೇ ಕಿತ್ತುಹಾಕಿತು. ಫ್ರಾಂಕೊ ಸತ್ತು ಆಗಲೇ ಎಂಟು ವರ್ಷ ಕಳೆದಿತ್ತು!

ದಿಬ್ಬೂರಹಳ್ಳಿಗೂ ಗ್ರನಡಾಕ್ಕೂ ಏನು ಸಂಬಂಧವೆಂದು ಕೇಳುವವರಿರಬಹುದು. ಸಂಬಂಧವಿದೆ. ಲೋರ್ಕಾ ‘ಲಾ ಬರಾಕಾ’ ಎಂಬ ವಿದ್ಯಾರ್ಥಿ ತಂಡ ಕಟ್ಟಿಕೊಂಡು 1932ರಿಂದ ಹಳ್ಳಿ ಹಳ್ಳಿ ಸುತ್ತಿ, ಚೌಕಗಳಲ್ಲಿ ಅಟ್ಟ ಹಾಕಿ ನಾಟಕವಾಡಿಸಿದವನು. ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಿಗೂ ನಾಟಕ ಹೊಸದಲ್ಲ. ಸೀರೆಯುಟ್ಟ ಗಂಡಸು ದ್ರೌಪದಿಯಾಗಿ ಬಂದರೆ ಬೆಳಗಿನ ಜಾವದವರೆಗೂ ಶಿಳ್ಳೆ ಹೊಡೆಯುವ ಜನ ನಾವು. ಅದೇ ಹುಡುಗನ ನಡಿಗೆ ಹಗಲಿನಲ್ಲೂ ಹಾಗೇ ಇದ್ದರೆ ಅಡ್ಡಹೆಸರಿಟ್ಟು ಅಣಕಿಸುವವರೂ, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆಂದು ಒಬ್ಬ ಹೆಣ್ಣುಮಗಳ ಬದುಕನ್ನೂ ಹಾಳುಮಾಡುವವರೂ ನಾವೇ. ಮಾನ ಮರ್ಯಾದೆಯ ಹೆಸರಿನಲ್ಲಿ ಹೆಣ್ಣನ್ನು ಮನೆಯೊಳಗೆ ಕೂಡಿಹಾಕುವ ಕ್ರೌರ್ಯವನ್ನು ಲೋರ್ಕಾ ‘ಬೆರ್ನಾರ್ಡಾ ಆಲ್ಬಾಳ ಮನೆ’ಯಲ್ಲಿ ಬರೆದ. ಅದನ್ನು ಮುಗಿಸಿದ ಎರಡೇ ತಿಂಗಳಿಗೆ ಹತನಾದ. ಆ ಮನೆ ಸ್ಪೇನಿನಲ್ಲಿ ಮಾತ್ರ ಇದೆಯೇ?

ಬ್ರಿಟಿಷರು 1860ರಲ್ಲಿ ನಮ್ಮ ಮೇಲೆ ಹೇರಿದ 377ನೇ ಸೆಕ್ಷನ್, ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಅದಕ್ಕೂ ಮೊದಲೇ, 2013ರಲ್ಲಿ, ವಸುಧೇಂದ್ರರ ‘ಮೋಹನಸ್ವಾಮಿ’ ಕನ್ನಡದ ಮೌನ ಮುರಿದಿತ್ತು. ಆದರೆ ಅರಳಿಕಟ್ಟೆಯ ನ್ಯಾಯ ಕೋರ್ಟಿನ ತೀರ್ಪು ಓದಿ ಬದಲಾಗುವುದಿಲ್ಲ.

ಧರ್ಮಗ್ರಂಥಗಳು ಏನು ಹೇಳುತ್ತವೆಂಬ ಚರ್ಚೆ ಇಲ್ಲಿ ಎತ್ತುತ್ತಿಲ್ಲ. ಪಾಪ ಪುಣ್ಯದ ಲೆಕ್ಕ ದೇವರಿಗೆ ಬಿಟ್ಟದ್ದು ಎನ್ನುವವರು, ಶಿಕ್ಷೆ ಕೊಡುವ ಕೆಲಸವನ್ನು ಮಾತ್ರ ತಾವೇ ವಹಿಸಿಕೊಳ್ಳುವುದು ಯಾವ ನ್ಯಾಯ? ತಮ್ಮ ಗುರುತಿನ ಕಾರಣಕ್ಕೆ ಬೀದಿಯಲ್ಲಿ ಅವಮಾನ ಉಂಡ ಮುಸ್ಲಿಮರಿಗೆ, ದಲಿತರಿಗೆ ಈ ಪ್ರಶ್ನೆ ಬೇಗ ಅರ್ಥವಾಗಬೇಕು. ‘ನೀನು ಇರು, ಆದರೆ ನೀನಾಗಿ ಇರಬೇಡ’ ಎಂಬ ಷರತ್ತು ನಮಗೆ ಹಾಕಿದರೆ ಅನ್ಯಾಯ, ನಾವು ಇನ್ನೊಬ್ಬರಿಗೆ ಹಾಕಿದರೆ ಸಂಸ್ಕೃತಿ ಆಗುತ್ತದೆಯೇ?

ಗ್ರನಡಾಕ್ಕಾಗಿ ಮರುಗಿದ ಲೋರ್ಕಾ ಬೇಕು, ಗಂಡಸನ್ನು ಪ್ರೀತಿಸಿದ ಲೋರ್ಕಾ ಬೇಡ ಎನ್ನುವಂತಿಲ್ಲ. ಇಬ್ಬರೂ ಒಬ್ಬನೇ, ಗುಂಡು ತಾಗಿದ್ದೂ ಒಂದೇ ಎದೆಗೆ.